ನೀರಿನ ಮೇಲಿನ ಬಿಸಿಲು: ದೋಣಿ ಹತ್ತುವ ಮುಂಚೆ ಒಂದು ಪಾಠ



ಹಲಗೇರಿಯಲ್ಲಿ ಒಕ್ಕೂಟದ ಸಭೆ ಮುಗಿಯುವ ಹೊತ್ತಿಗೆ ಪ್ರವಾಸದ ಮಾತು ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಪುಕ್ಕಟೆ ಆದ ಮೇಲೆ ನಮ್ಮ ಸಂಘಗಳ ಪ್ರವಾಸ ಧರ್ಮಸ್ಥಳ, ಗೋಕರ್ಣ, ಮುರುಡೇಶ್ವರದವರೆಗೆ ಹೋಗುತ್ತಿದೆ. ಈ ಸಲ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಬೋಟು, ಆಮೇಲೆ ಮುರುಡೇಶ್ವರದ ಸಮುದ್ರ ಎಂದು ಠರಾವು ಆಯಿತು. ಆಗ ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಸಿಸ್ಟರ್‌ರೀ, ಬೋಟಿನ್ಯಾಗ ಕುಂತ್ರ ಮುಖ ಕರ್ರಗ ಆಗತೈತಂತ. ಯಾವ ಕ್ರೀಮ್ ಹಚ್ಚೂಣು ಹೇಳ್ರಿ." ಎಲ್ಲರೂ ನಕ್ಕರು. ಆದರೆ ಸಭೆ ಮುಗಿದ ಮೇಲೆ ಆರೇಳು ಜನ ಒಬ್ಬೊಬ್ಬರಾಗಿ ಬಂದು ಅದನ್ನೇ ಮೆಲ್ಲಗೆ ಕೇಳಿದರು. ಹಾಗಾಗಿ ಈ ತಿಂಗಳ ಪಾಠ ಇದೇ ಇರಲಿ ಎಂದುಕೊಂಡೆ.

ಇನ್ನೊಬ್ಬರು ಇದಕ್ಕೆ ಉಲ್ಟಾ ಮಾತು ಹೇಳಿದ್ದರು. "ನಾವು ದಿನಾ ಮೆಕ್ಕಿಜೋಳದ ಹೊಲದಾಗ, ಹತ್ತಿ ಕ್ರಾಸಿಂಗ್‌ನ್ಯಾಗ ಬಿಸಲಾಗ ನಿಂತಾವ್ರು. ಎರಡು ತಾಸು ಬೋಟಿನ್ಯಾಗ ಕುಂತ್ರ ಏನಾಗತೈತ್ರಿ?" ಇದು ಒಳ್ಳೆಯ ಪ್ರಶ್ನೆ. ಉತ್ತರ ಇಲ್ಲಿಂದಲೇ ಶುರು ಮಾಡೋಣ.

ಹೊಲದ ಬಿಸಿಲು, ಹೊಳೆಯ ಬಿಸಿಲು

ಹೊಲದಲ್ಲಿ ಬಿಸಿಲು ಏರಿದಂತೆ ಮೈ ಸುಡುತ್ತದೆ, ಬೆವರು ಇಳಿಯುತ್ತದೆ. ಆಗ ನೀವೇ ಬೇವಿನ ಮರದ ಕೆಳಗೆ ಹೋಗಿ ಬುತ್ತಿ ಬಿಚ್ಚುತ್ತೀರಿ. ತಲೆ ಮೇಲೆ ಸೆರಗು, ಅದರ ಮೇಲೆ ಟಾವೆಲ್, ಮೈಮೇಲೆ ಗಂಡನ ಹಳೆ ಅಂಗಿ ಇರುತ್ತದೆ. ದೋಣಿಯಲ್ಲಿ ಮರ ಇಲ್ಲ. ಗಾಳಿ ತಂಪಾಗಿ ಬೀಸುತ್ತದೆ, ನೀರಿನ ಹನಿ ಮುಖಕ್ಕೆ ಸಿಡಿಯುತ್ತದೆ, ಬಿಸಿಲು ಇದೆ ಅನ್ನಿಸುವುದೇ ಇಲ್ಲ. ಪ್ರವಾಸ ಅಂತ ಸೆರಗನ್ನೂ ತಲೆಯಿಂದ ಇಳಿಸಿರುತ್ತೇವೆ. ಇಳಿದು ಬಂದ ಮೇಲೆ ಸಂಜೆ ಮುಖ ತೊಳೆಯುವಾಗ ಉರಿ ಗೊತ್ತಾಗುತ್ತದೆ.

ಇದಕ್ಕೆ ಕಾರಣ ಏನೆಂದರೆ, ನಮಗೆ ಬಿಸಿ ಅನ್ನಿಸುವ ಕಿರಣ ಬೇರೆ, ಚರ್ಮ ಸುಡುವ ಕಿರಣ ಬೇರೆ. ಚರ್ಮ ಮತ್ತು ಕಣ್ಣಿಗೆ ಪೆಟ್ಟು ಕೊಡುವುದು ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಗುವುದೂ ಇಲ್ಲ. ತಂಪು ಗಾಳಿ ಬಿಸಿಯನ್ನು ಒಯ್ಯುತ್ತದೆಯೇ ಹೊರತು ಅತಿನೇರಳೆ ಕಿರಣವನ್ನು ತಡೆಯುವುದಿಲ್ಲ. ಮೋಡ ಇದ್ದರೂ ನಂಬಬೇಡಿ. ತೆಳು ಮೋಡದೊಳಗಿಂದ ಈ ಕಿರಣದಲ್ಲಿ ನೂರಕ್ಕೆ 80ರಷ್ಟು ಭಾಗ ಇಳಿದು ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನೀರು ಕನ್ನಡಿ ಹಾಗೆ ಬಿಸಿಲನ್ನು ಮುಖಕ್ಕೆ ಹೊಡೆಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಸ್ವಲ್ಪ ನಿಜ, ಪೂರ್ತಿ ಅಲ್ಲ. ಶಾಂತ ನೀರು ಹಿಂದಕ್ಕೆ ಎಸೆಯುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಒಣ ಮರಳು ಸುಮಾರು 15, ಸಮುದ್ರದ ನೊರೆ ಸುಮಾರು 25. ಅಂದರೆ ದೋಣಿಯಲ್ಲಿ ನಮ್ಮನ್ನು ಸುಡುವುದು ಮುಖ್ಯವಾಗಿ ಮೇಲಿನ ಆಕಾಶವೇ. ಆದರೆ ಕೆಳಗಿಂದ ಬರುವ ಆ ಸ್ವಲ್ಪ ಭಾಗಕ್ಕೆ ಟೊಪ್ಪಿಗೆ ಅಡ್ಡ ಬರುವುದಿಲ್ಲ. ಗದ್ದದ ಕೆಳಗೆ, ಮೂಗಿನ ಕೆಳಗೆ, ಕಣ್ಣಿಗೆ ಅದು ತಾಗುತ್ತದೆ.

ನಮ್ಮ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಭಾಗದಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಮಧ್ಯಾಹ್ನ ಅಂಗಳದಲ್ಲಿ ಒನಕೆ ನಿಲ್ಲಿಸಿ ನೋಡಿದರೆ ನೆರಳು ಬುಡದಲ್ಲೇ ಅಡಗುತ್ತದೆ. ಮಕ್ಕಳಿಗೆ ತೋರಿಸಿ, ಖುಷಿ ಪಡುತ್ತಾರೆ. ನಮ್ಮಲ್ಲಿ ಸೂರ್ಯ ತೀರ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಅದರ ಹಿಂದೆ ಎರಡು ತಾಸು, ಮುಂದೆ ಎರಡು ತಾಸು, ಅಂದರೆ ಹತ್ತೂವರೆಯಿಂದ ಎರಡೂವರೆವರೆಗೆ ಬಿಸಿಲು ತೀರ ಬಿರುಸು. ಗಡಿಯಾರ ಇಲ್ಲದಿದ್ದರೆ ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಅದು ಮುಚ್ಚಿಕೊಳ್ಳುವ ಹೊತ್ತು.

ಹೊಳೆಯ ದಂಡೆಯವರನ್ನು ಕೇಳಿ

ತುಂಗಭದ್ರೆಯ ದಂಡೆಯಲ್ಲಿ ಮೀನು ಹಿಡಿಯುವ ಮನೆತನದವರು ನಮ್ಮ ಸಂಘಗಳಲ್ಲೂ ಇದ್ದಾರೆ. ಅಂಬಿಗರ ಚೌಡಯ್ಯನವರು ಐಕ್ಯರಾದ ಚೌಡದಾನಪುರ ನಮ್ಮ ತಾಲೂಕಿನಲ್ಲೇ ಇದೆ. ನೀರಿನ ಮೇಲೆ ದುಡಿಯುವವರು ಬಿಸಿಲಿಗೆ ಏನು ಮಾಡುತ್ತಾರೆ ಎಂದು ಅವರಿಂದ ಕಲಿಯಬೇಕು. ಸಂಜೆ ಬಲೆ ಬಿಡುತ್ತಾರೆ, ನಸುಕಿನಲ್ಲಿ ಎತ್ತುತ್ತಾರೆ, ಬಿಸಿಲೇರುವ ಹೊತ್ತಿಗೆ ದಂಡೆಯಲ್ಲಿರುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನೀರಿಗೆ ಒಂದು ಹನಿ ಕೊಳೆ ಇಲ್ಲ. ಪರಿಸರಕ್ಕೆ ಒಗ್ಗುವ ಉಪಾಯ ಎಂದು ಪುಸ್ತಕದಲ್ಲಿ ದೊಡ್ಡದಾಗಿ ಬರೆಯುವುದನ್ನು ಅವರು ಹೊಟ್ಟೆಪಾಡಿನಲ್ಲೇ ಮಾಡುತ್ತಿದ್ದಾರೆ.

ಆದ್ದರಿಂದ ಪ್ರವಾಸದಲ್ಲಿ ಮೊದಲ ತೀರ್ಮಾನ ಕ್ರೀಮಿನದಲ್ಲ, ಹೊತ್ತಿನದು. ಬೆಳಿಗ್ಗೆ ಎಂಟಕ್ಕೆ ಅಥವಾ ಸಂಜೆ ನಾಲ್ಕರ ಮೇಲೆ ದೋಣಿ ಹತ್ತೋಣ. ನಡು ಹೊತ್ತಿನಲ್ಲಿ ಗುಡಿ, ಚರ್ಚು, ಊಟ, ವಿಶ್ರಾಂತಿ ಇಟ್ಟುಕೊಳ್ಳೋಣ. ಹಿಂದೊಂದು ಪ್ರವಾಸದಲ್ಲಿ ನಾನೇ ತಪ್ಪು ಮಾಡಿದ್ದೆ. ಊಟಕ್ಕೆ ಮುಂಚೆ ಬೋಟು ಮುಗಿಸಿಬಿಡೋಣ ಎಂದು ಹನ್ನೊಂದೂವರೆಗೆ ಎಲ್ಲರನ್ನೂ ಹತ್ತಿಸಿದೆ. ಇಳಿಯುವಾಗ ಒಂದೂವರೆ. ಇಬ್ಬರಿಗೆ ತಲೆಸುತ್ತು, ಒಬ್ಬರಿಗೆ ವಾಂತಿ. ಬಸ್ಸಿನಲ್ಲಿ ಮಜ್ಜಿಗೆ ಕುಡಿಸಿಕೊಂಡು ಬಂದೆವು. ಮುಂದಿನ ತಿಂಗಳ ಸಭೆಗೆ ಆ ಇಬ್ಬರೂ ಬರಲಿಲ್ಲ.

ತಲೆಸುತ್ತಿಗೆ ಬಿಸಿಲು ಅರ್ಧ ಕಾರಣ. ಇನ್ನರ್ಧ ಕಾರಣ ನಾವು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದೇ ಇರುವುದು. ಪ್ರವಾಸದಲ್ಲಿ ಶೌಚಕ್ಕೆ ಜಾಗ ಸಿಗುವುದಿಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿದಿರುವುದಿಲ್ಲ. ಸಂಘದ ಪ್ರತಿನಿಧಿಗಳಿಗೆ ನನ್ನ ಕಳಕಳಿಯ ಮಾತು: ದೋಣಿ ಗೊತ್ತು ಮಾಡುವಾಗ ದರ ಕೇಳುವ ಮೊದಲು ಶೌಚಾಲಯ ಎಲ್ಲಿದೆ ಕೇಳಿ. ಅದು ಇದ್ದರೆ ಎಲ್ಲರೂ ಧೈರ್ಯವಾಗಿ ನೀರು ಕುಡಿಯುತ್ತಾರೆ. ಮನೆಯಿಂದ ಸ್ಟೀಲ್ ಬಾಟಲಿಯಲ್ಲೋ ತಂಬಿಗೆಯಲ್ಲೋ ನೀರು ತನ್ನಿ. ಯಾರಿಗಾದರೂ ಸುಸ್ತಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಏನನ್ನೂ ಕುಡಿಸಬೇಡಿ. ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ.

ಕೊಡೆ ಬೇಡ

ನೆರಳಿಗೆ ಕೊಡೆ ಒಯ್ಯೋಣ ಎಂದು ಯಾರಿಗಾದರೂ ಹೊಳೆಯುತ್ತದೆ. ದಂಡೆಯ ಮೇಲೆ ಕೊಡೆಗಿಂತ ಒಳ್ಳೆಯದಿಲ್ಲ. ದೋಣಿಯಲ್ಲಿ ಬೇಡವೇ ಬೇಡ. ಹರಿಗೋಲು ನೋಡಿದ್ದೀರಲ್ಲ, ಬಿದಿರಿನ ದುಂಡು ಬುಟ್ಟಿ, ಹೊರಗೆ ಹಿಂದೆ ತೊಗಲು ಇರುತ್ತಿತ್ತು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅದಕ್ಕೆ ತಳದಲ್ಲಿ ಭಾರ ಇಲ್ಲ, ಮೂಲೆ ಇಲ್ಲ. ಬಿಚ್ಚಿದ ಕೊಡೆಗೆ ಗಾಳಿ ಹೊಕ್ಕರೆ ಅದು ಹಾಯಿಯ ಹಾಗೆ ಎಳೆಯುತ್ತದೆ. ಕೊಡೆ ಹಿಡಿಯಲು ಒಬ್ಬರು ಎದ್ದರೆ, ಇನ್ನೊಬ್ಬರು ಆ ನೆರಳಿಗೆ ಸರಿದರೆ ಬುಟ್ಟಿ ವಾಲುತ್ತದೆ. ದೊಡ್ಡ ಬೋಟಿನಲ್ಲೂ ನೆರಳು ಬಿದ್ದ ಒಂದೇ ಬದಿಗೆ ಎಲ್ಲರೂ ಕೂಡಬಾರದು.

ಹೆದರಿಸಲು ಹೇಳುತ್ತಿಲ್ಲ. ಆದರೆ 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಹೋದರು. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ಸಮುದ್ರ ನೋಡುವ ಆಸೆಯಿಂದ ಹೋದ ನಮ್ಮಂಥವರೇ. ಹಾಗಾಗಿ ಬಿಸಿಲಿನ ಪಾಠದಲ್ಲಿ ಇದನ್ನು ಬಿಡಲು ನನಗೆ ಮನಸ್ಸಿಲ್ಲ. ಬಿಸಿಲಿಗೆ ಏನೇ ತೊಟ್ಟರೂ ಅದರ ಮೇಲೆ ಲೈಫ್ ಜಾಕೆಟ್ ಇರಲೇಬೇಕು. ಸೆಕೆ ಆಗುತ್ತದೆ ಎಂದು ಬಿಚ್ಚಿ ಕಾಲ ಕೆಳಗೆ ಇಟ್ಟರೆ ಅದು ಇದ್ದೂ ಇಲ್ಲದಂತೆ. ಉದ್ದ ಸೆರಗನ್ನು ಗಾಳಿಗೆ ಬಿಡಬೇಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಜಾಕೆಟ್‌ನ ಒಳಗೆ ಸೇರಿಸಿ. ಎಂಜಿನ್ ಹತ್ತಿರ ಸೀರೆಯವರು ಕೂಡಬೇಡಿ. ಮೇಲೆ ಗಟ್ಟಿಯಾಗಿ ಕಟ್ಟಿದ ಚಪ್ಪರ ಇರುವ ಬೋಟು ಸಿಕ್ಕರೆ ಹತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಹಿಡಿಯಿರಿ.

ಅರಿವೆಯೇ ಮೊದಲ ಮದ್ದು

ಹೊತ್ತು, ನೆರಳು ಆದ ಮೇಲೆ ಅರಿವೆ. ಎಲ್ಲ ಅರಿವೆಯೂ ಒಂದೇ ಅಲ್ಲ. ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ಆಚೆ ಕಡೆ ಕಾಣಿಸಿದರೆ ಬಿಸಿಲೂ ಒಳಗೆ ಬರುತ್ತದೆ. ದಟ್ಟ ನೇಯ್ಗೆಯ ಇಳಕಲ್ ಸೀರೆ, ಖಾದಿ ಚೆನ್ನಾಗಿ ತಡೆಯುತ್ತವೆ. ಗಾಢ ಬಣ್ಣ ತಿಳಿ ಬಣ್ಣಕ್ಕಿಂತ ಹೆಚ್ಚು ತಡೆಯುತ್ತದೆ, ಆದರೆ ಸೆಕೆ ಸ್ವಲ್ಪ ಹೆಚ್ಚು. ಬಿಳಿ ಹತ್ತಿ ಬಟ್ಟೆ ನೀರಿನಲ್ಲಿ ತೋಯ್ದರೆ ಅದರ ತಡೆಯುವ ಶಕ್ತಿ ಇನ್ನೂ ಇಳಿಯುತ್ತದೆ. ತೋಯ್ದ ಸೆರಗು ತಂಪು ಕೊಡುತ್ತದೆ ನಿಜ, ಆದರೆ ಅದು ತೆಳು ನೈಲಾನ್ ಅಥವಾ ಶಿಫಾನ್ ಆಗಿದ್ದರೆ ನಂಬಬೇಡಿ. ಹೊಲಕ್ಕೆ ಹಾಕಿಕೊಳ್ಳುವ ಉದ್ದ ತೋಳಿನ ಹಳೆ ಅಂಗಿಯನ್ನು ಪ್ರವಾಸದ ಚೀಲದಲ್ಲಿ ಇಟ್ಟುಕೊಳ್ಳಲು ನಾಚಿಕೆ ಬೇಡ. ಫೋಟೋಕ್ಕೆ ಐದು ನಿಮಿಷ ಬಿಚ್ಚಿದರಾಯಿತು.

ತಲೆಗೆ ಟೊಪ್ಪಿಗೆ. ಕರಾವಳಿಯಲ್ಲಿ ತೋಟದಲ್ಲಿ, ಗದ್ದೆಯಲ್ಲಿ ದುಡಿಯುವವರು ಅಡಿಕೆ ಹಾಳೆಯಿಂದ ಮಾಡಿದ ಮುಟ್ಟಾಳೆ ಹಾಕುತ್ತಾರೆ. ಹಗುರ, ಬೆವರು ಹೀರುತ್ತದೆ, ಹಾಳಾದರೆ ಮಣ್ಣಿಗೆ ಸೇರುತ್ತದೆ. ಆದರೆ ಅದಕ್ಕೆ ಅಂಚು ಇಲ್ಲ. ನೆತ್ತಿ ಉಳಿಯುತ್ತದೆ, ಮುಖ, ಕಿವಿ, ಕುತ್ತಿಗೆ ಉಳಿಯುವುದಿಲ್ಲ. ಬಜಾರದಲ್ಲಿ ಸಿಗುವ ಕ್ರಿಕೆಟ್ ಟೊಪ್ಪಿಗೆಗೂ ಮುಂದೆ ಮಾತ್ರ ಅಂಚು. ಕಿವಿ ಮತ್ತು ಹಿಂಗುತ್ತಿಗೆಗೆ ಸುತ್ತಲೂ ಅಂಚು ಬೇಕು, ನಾಲ್ಕು ಬೆರಳಿಗಿಂತ ಕಡಿಮೆ ಇರಬಾರದು.

ಇಲ್ಲಿ ನನಗೆ ನಮ್ಮ ಕೌದಿ ನೆನಪಾಯಿತು. ಹಳೆ ಸೀರೆ ನಾಲ್ಕು ಪದರ ಹಾಸಿ ಸಾಲು ಸಾಲಾಗಿ ಹೊಲಿದರೆ ಅದು ಹಾಳೆಯಂತೆ ಬಿಗಿಯಾಗುತ್ತದೆ. ಒಂದು ಪದರದಲ್ಲಿ ಬೆಳಕು ಕಾಣುವ ಸವೆದ ಸೀರೆ ನಾಲ್ಕು ಪದರವಾದರೆ ಕಾಣುವುದಿಲ್ಲ. ಟೊಪ್ಪಿಗೆಯ ಅಂಚಿಗೆ ಇದಕ್ಕಿಂತ ಏನು ಬೇಕು? ಲೆಕ್ಕ ಹೀಗಿದೆ. ಸಾಮಾನ್ಯ ಹೆಂಗಸಿನ ತಲೆಯ ಸುತ್ತಳತೆ 56 ಸೆಂಟಿಮೀಟರ್ ಆಸುಪಾಸು. ದಾರಕ್ಕೆ ಸೀಮೆಸುಣ್ಣ ಕಟ್ಟಿ ನಡುವಿನಿಂದ 9 ಸೆಂಟಿಮೀಟರ್‌ಗೆ ಒಂದು ಸುತ್ತು, 17 ಸೆಂಟಿಮೀಟರ್‌ಗೆ ಇನ್ನೊಂದು ಸುತ್ತು ಎಳೆಯಿರಿ. ಎರಡರ ನಡುವಿನ ಬಳೆಯಂಥ ಭಾಗವೇ ಅಂಚು, 8 ಸೆಂಟಿಮೀಟರ್ ಅಗಲ. ಹೊಲಿಗೆಗೆ ಒಳಗೂ ಹೊರಗೂ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕೌದಿ ಹೊಲಿಗೆಯ ಸಾಲುಗಳು ಅರ್ಧ ಬೆರಳಿಗೆ ಒಂದರಂತೆ ಸುತ್ತಲೂ ಬರಲಿ. ತಲೆಯ ಭಾಗಕ್ಕೆ ಎರಡು ಪದರ ಸಾಕು. ಗಾಳಿಗೆ ಹಾರದಂತೆ ಗದ್ದಕ್ಕೆ ಕಟ್ಟಲು ಎರಡು ಹತ್ತಿ ಲಾಡಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ನೀರಿನಲ್ಲಿ ಬಿದ್ದರೆ ಕುತ್ತಿಗೆಗೆ ಸಿಕ್ಕಿಕೊಳ್ಳಬಾರದು.

ಕಣ್ಣಿಗೂ ನೆರಳು ಬೇಕು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಕಣ್ಣಿಗೆ ಮೋತಿಬಿಂದು ಬೇಗ ಬರಬಹುದು. ಬಿಳಿ ಗುಡ್ಡೆಯಿಂದ ಕರಿ ಗುಡ್ಡೆಯ ಮೇಲೆ ಮಾಂಸದ ಪದರ ಬೆಳೆಯುವುದಕ್ಕೂ ಬಿಸಿಲು ಮತ್ತು ಧೂಳು ಕಾರಣ. ಮೀನುಗಾರರಲ್ಲಿ, ಹೊಲದವರಲ್ಲಿ ಇದನ್ನು ನೋಡಿದ್ದೇನೆ. ಅಗಲ ಅಂಚಿನ ಟೊಪ್ಪಿಗೆ ಕಣ್ಣಿಗೆ ಬೀಳುವ ಕಿರಣವನ್ನು ಸಾಕಷ್ಟು ಇಳಿಸುತ್ತದೆ. ಜಾತ್ರೆಯ ಅಗ್ಗದ ಕರಿ ಕನ್ನಡಕ ಬೇಡ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲ ಆಗುತ್ತದೆ. ಆ ಗಾಜಿಗೆ ಅತಿನೇರಳೆ ಕಿರಣ ತಡೆಯುವ ಗುಣ ಇಲ್ಲದಿದ್ದರೆ ಒಳಗೆ ಹೋಗುವ ಕಿರಣ ಹೆಚ್ಚೇ ಆಗಬಹುದು.

ಕ್ರೀಮಿನ ಮಾತು

ಈಗ ನೀವು ಕಾಯುತ್ತಿದ್ದ ಪ್ರಶ್ನೆಗೆ ಬರೋಣ. ಬಿಸಿಲು ತಡೆಯುವ ಸನ್‌ಸ್ಕ್ರೀನ್ ಬೇರೆ, ಮುಖ ಬೆಳ್ಳಗೆ ಮಾಡುತ್ತೇವೆ ಎನ್ನುವ ಕ್ರೀಮ್ ಬೇರೆ. ಎರಡನೆಯದನ್ನು ಬಿಸಿಲಿಗೆ ಎಂದು ಹಚ್ಚಿಕೊಂಡು ಬಂದ ಒಬ್ಬ ಸದಸ್ಯೆಯ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆನ್ನೆಯ ಮೇಲೆ ಬಂಗು ಬಂದಿತ್ತು. ಅಂಗಡಿಯಲ್ಲಿ ಯಾರೋ ಕೊಟ್ಟ ಟ್ಯೂಬನ್ನು ಒಂದೂವರೆ ವರ್ಷ ಹಚ್ಚಿದ್ದರು. ಮೊದಲು ತಿಳಿಯಾಯಿತು. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ನಿಂತರೆ ಕೆಂಪಗೆ ಉರಿ, ಹಚ್ಚುವುದು ಬಿಟ್ಟರೆ ಇನ್ನೂ ಉರಿ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದಕ್ಕೂ ಚರ್ಮದ ಡಾಕ್ಟರಿಗೂ ಅವರು ಸಂಘದಿಂದ ತೆಗೆದ ಸಾಲವನ್ನು ನಾನು ಆಮೇಲೆ ಲೆಕ್ಕದ ಪುಸ್ತಕದಲ್ಲಿ ನೋಡಿದೆ. "ಮಗಳ ಓದಿಗೆ" ಎಂದು ಬರೆಸಿದ್ದರು. ನಾಚಿಕೆಗೆ ಹಾಗೆ ಬರೆಸಿದ್ದು. ನಾನು ಏನೂ ಅನ್ನಲಿಲ್ಲ.

ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದು ಇದ್ದರೆ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರಕಾರ ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿದೆ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಹೆಸರು ಓದಲು ಬರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ.

ಮೈ ಬಣ್ಣದ ಬಗ್ಗೆಯೂ ಒಂದು ಮಾತು. ನಮ್ಮ ಕಪ್ಪು ಬಣ್ಣ ದೇವರು ಕೊಟ್ಟ ಕೊಡೆ. ಚರ್ಮದ ಆ ಬಣ್ಣವೇ ಬಿಸಿಲಿನ ಪೆಟ್ಟನ್ನು ತಡೆಯುತ್ತದೆ. ಅದಕ್ಕೇ ಬಿಳಿಯರ ದೇಶಗಳಲ್ಲಿ ಹೆಚ್ಚಾಗಿರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಹಳ ಕಡಿಮೆ. ಬಿಸಿಲಿನಿಂದ ನಮಗೆ ಹೆಚ್ಚಾಗಿ ಬರುವ ತೊಂದರೆ ಎಂದರೆ ಉರಿ, ಬಂಗು, ಕಣ್ಣು, ತಲೆಸುತ್ತು. ಎರಡು ದಿನ ಮುಖ ಕರ್ರಗಾದರೆ ಅದು ರೋಗವಲ್ಲ. ಟಿವಿ ಜಾಹೀರಾತು ನಮ್ಮನ್ನು ಹೆದರಿಸುವುದು ನಮ್ಮ ಆರೋಗ್ಯಕ್ಕಾಗಿ ಅಲ್ಲ. ಆದರೆ ಬಂಗು ಇರುವವರು, ತೊನ್ನು ಇರುವವರು, ಬಿಸಿಲಿಗೆ ಗಂದೆ ಏಳುವವರು, ಡಾಕ್ಸಿಸೈಕ್ಲಿನ್‌ನಂಥ ಗುಳಿಗೆ ತೆಗೆದುಕೊಳ್ಳುತ್ತಿರುವವರು ಹೆಚ್ಚು ಜೋಪಾನವಾಗಿರಬೇಕು. ಇವರಿಗೆ ಒಳ್ಳೆಯ ಸನ್‌ಸ್ಕ್ರೀನ್ ಉಪಯೋಗವಾಗುತ್ತದೆ.

ಮನೆಮದ್ದು ಕೇಳುತ್ತೀರಿ. ಕೊಬ್ಬರಿ ಎಣ್ಣೆ, ಅರಿಶಿಣ, ಲೋಳೆಸರ ಇವು ಯಾವುವೂ ದೋಣಿಯ ಬಿಸಿಲನ್ನು ತಡೆಯುವಷ್ಟು ತಡೆಯುವುದಿಲ್ಲ. ಲೋಳೆಸರ ಸುಟ್ಟ ಮೇಲೆ ತಂಪಿಗೆ ಹಚ್ಚಬಹುದು. ನಿಂಬೆರಸ ಮಾತ್ರ ಹಚ್ಚಿಕೊಂಡು ಬಿಸಿಲಿಗೆ ಹೋಗಲೇಬೇಡಿ, ಅದು ಬಿಸಿಲಿನ ಜೊತೆ ಸೇರಿ ಚರ್ಮದ ಮೇಲೆ ಗುಳ್ಳೆ ಎಬ್ಬಿಸಿ ಕಪ್ಪು ಕಲೆ ಬಿಡುತ್ತದೆ.

ಹಚ್ಚಿದ್ದು ಎಲ್ಲಿಗೆ ಹೋಗುತ್ತದೆ?

ಸನ್‌ಸ್ಕ್ರೀನ್ ಎರಡು ಬಗೆ. ಒಂದರಲ್ಲಿ ಸತುವಿನ ಭಸ್ಮ, ಅಂದರೆ ಜಿಂಕ್ ಆಕ್ಸೈಡ್, ಇಲ್ಲವೇ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ. ಹಚ್ಚಿದರೆ ವಿಭೂತಿಯಂತೆ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಇನ್ನೊಂದರಲ್ಲಿ ಕಿರಣ ಹೀರುವ ರಾಸಾಯನಿಕಗಳು. ಇವುಗಳಲ್ಲಿ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ಎರಡು ನೀರಿನ ಜೀವಿಗಳಿಗೆ ಕೇಡು ಎಂದು ಪ್ರಯೋಗಗಳಲ್ಲಿ ಕಂಡಿದೆ. ಸಮುದ್ರದ ಹವಳ ಕಲ್ಲಿನಂತೆ ಕಂಡರೂ ಅದು ಜೀವ. ಅದರ ಮರಿಗಳಿಗೆ ಆಕ್ಸಿಬೆಂಜೋನ್ ಪೆಟ್ಟು ಕೊಡುತ್ತದೆ. ಹವಳದ ದಿಬ್ಬಗಳಿಂದ ಬದುಕುವ ಪಲಾವ್ ಎಂಬ ಪುಟ್ಟ ದ್ವೀಪ ದೇಶ ಇಂಥ ಕ್ರೀಮುಗಳನ್ನು 2020ರ ಜನವರಿ 1ರಿಂದ ನಿಷೇಧಿಸಿತು. ಅಮೆರಿಕದ ಹವಾಯಿ ರಾಜ್ಯ 2021ರ ಜನವರಿ 1ರಿಂದ ಆ ಎರಡು ರಾಸಾಯನಿಕ ಇರುವ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಹವಳಕ್ಕೆ ಎಲ್ಲಕ್ಕಿಂತ ದೊಡ್ಡ ಕೇಡು ಸಮುದ್ರದ ನೀರು ಬಿಸಿಯಾಗುತ್ತಿರುವುದು. ಕ್ರೀಮ್ ಅದರ ಮುಂದೆ ಚಿಕ್ಕದು. ಆದರೂ ನಮ್ಮ ಕೈಯಲ್ಲಿ ಇರುವುದು ಆ ಚಿಕ್ಕದೇ.

ಹವಳ ಅಂದರೆ ದೂರದ ದೇಶ ಎಂದುಕೊಳ್ಳಬೇಡಿ. ನಾವು ಹೋಗುವ ಮುರುಡೇಶ್ವರದಿಂದ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಅದರ ಸುತ್ತ ಹವಳ ಇದೆ, ಬಣ್ಣ ಬಣ್ಣದ ಮೀನುಗಳಿವೆ. ಅದನ್ನು ನೋಡಲು ಜನ ದೋಣಿಯಲ್ಲಿ ಹೋಗಿ ನೀರಿಗೆ ಇಳಿಯುತ್ತಾರೆ. ನಾವು ಅಲ್ಲಿವರೆಗೆ ಹೋಗುವುದಿಲ್ಲ, ಆದರೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಹೋಗುತ್ತಾರೆ.

ಹೊಳೆಯ ನೀರಿನಲ್ಲಿ ಹವಳ ಇಲ್ಲ. ಆದರೆ ಮೀನು ಇದೆ, ಏಡಿ ಇದೆ, ನಮ್ಮ ಕೊಡವೂ ಇದೆ. ರಾಣೆಬೆನ್ನೂರಿಗೂ ಹಾವೇರಿಗೂ ಕುಡಿಯುವ ನೀರು ತುಂಗಭದ್ರೆಯದು. ಮೈಗೆ ಹಚ್ಚಿದ್ದು ಹೊಳೆಯಲ್ಲಿ ಮಿಂದಾಗ ನೇರ ಹೊಳೆಗೆ, ಬಚ್ಚಲಲ್ಲಿ ಮಿಂದಾಗ ಗಟಾರದ ಮೂಲಕ ಹೊಳೆಗೆ ಹೋಗುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳೂ ಈ ರಾಸಾಯನಿಕಗಳನ್ನು ಪೂರ್ತಿ ತೆಗೆಯಲಾರವು. ಹೊಳೆ ಕೆಟ್ಟರೆ ಏನಾಗುತ್ತದೆ ಎಂದು ನಮ್ಮ ತಾಲೂಕಿಗೆ ಯಾರೂ ಪಾಠ ಮಾಡಬೇಕಿಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ನೀರಿನಿಂದ ತುಂಗಭದ್ರೆ ಕೆಟ್ಟಾಗ ಮೀನುಗಾರರ ಬದುಕಿಗೇ ಪೆಟ್ಟು ಬಿತ್ತು. ಎಸ್.ಆರ್. ಹಿರೇಮಠರು ಮತ್ತು ಸಮಾಜ ಪರಿವರ್ತನ ಸಮುದಾಯದವರ ಜೊತೆ ದಂಡೆಯ ಹಳ್ಳಿಗಳ ಜನ ಹೋರಾಡಿದರು. ನಿಮ್ಮಲ್ಲಿ ಹಿರಿಯರಿಗೆ ಅದು ನೆನಪಿರಬಹುದು. ಕಿರಿಯರಿಗೆ ಹೇಳಿ. ಕಾರ್ಖಾನೆಯ ಕೊಳವೆಯನ್ನೂ ನಮ್ಮ ಅಂಗೈಯ ಕ್ರೀಮನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಹಾಗೆ ಇಟ್ಟರೆ ಅನ್ಯಾಯ. ಆದರೆ ನೀರು ಇಬ್ಬರದನ್ನೂ ಒಯ್ಯುತ್ತದೆ.

ಲೆಕ್ಕ ಹಾಕೋಣ

ಟ್ಯೂಬಿನ ಮೇಲೆ ಎಸ್.ಪಿ.ಎಫ್. ಎಂದು ಒಂದು ಸಂಖ್ಯೆ ಇರುತ್ತದೆ. 15 ಇದ್ದರೆ ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 93, 30 ಇದ್ದರೆ 97, 50 ಇದ್ದರೆ 98 ಭಾಗ ತಡೆಯುತ್ತದೆ. 30ಕ್ಕೂ 50ಕ್ಕೂ ಬೆಲೆಯಲ್ಲಿ ಇರುವಷ್ಟು ವ್ಯತ್ಯಾಸ ಗುಣದಲ್ಲಿ ಇಲ್ಲ. ಆದರೆ ಈ ಲೆಕ್ಕ ಧಾರಾಳವಾಗಿ ಹಚ್ಚಿದಾಗ ಮಾತ್ರ. ಬಟ್ಟೆಯಿಲ್ಲದ ಇಡೀ ಮೈಗೆ ಒಬ್ಬರಿಗೆ ಸುಮಾರು 30 ಗ್ರಾಂ ಬೇಕು. ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. 20 ಜನರ ಒಂದು ಸಂಘ ಹಾಗೆ ಎರಡು ಸಲ ಹಚ್ಚಿದರೆ 1,200 ಗ್ರಾಂ, ಅಂದರೆ 50 ಗ್ರಾಂನ 24 ಟ್ಯೂಬು. ನಾವು ಸೀರೆಯವರು, ಮುಖ, ಕುತ್ತಿಗೆ, ಕೈ, ಪಾದಕ್ಕೆ ಮಾತ್ರ ಒಬ್ಬರಿಗೆ 4 ಗ್ರಾಂ ಹಿಡಿದರೂ ಎರಡು ಸಲಕ್ಕೆ 160 ಗ್ರಾಂ, ಮೂರು ಟ್ಯೂಬು ದಾಟಿತು. ಟೊಪ್ಪಿಗೆ ಹಾಕಿ, ಉದ್ದ ತೋಳು ತೊಟ್ಟು, ಮೂಗು, ಕೆನ್ನೆ, ಗದ್ದದ ಕೆಳಗೆ, ಅಂಗೈಯ ಹಿಂಬದಿಗೆ ಮಾತ್ರ ಹಚ್ಚಿದರೆ ಒಬ್ಬರಿಗೆ ಒಂದೂವರೆ ಗ್ರಾಂ, ಒಟ್ಟು 60 ಗ್ರಾಂ. ಬೆಳಿಗ್ಗೆ ಎಂಟಕ್ಕೆ ಹತ್ತಿ ಒಂದೂವರೆ ತಾಸಿನಲ್ಲಿ ಇಳಿದರೆ ಎರಡನೇ ಸಲದ ಮಾತೇ ಇಲ್ಲ, 30 ಗ್ರಾಂ ಸಾಕು. ಇಡೀ ಸಂಘಕ್ಕೆ ಒಂದು ಟ್ಯೂಬು, ಅದರಲ್ಲೂ ಉಳಿಯುತ್ತದೆ. ಬೇಕು ಅನ್ನುವವರು ಮಾತ್ರ ಹಚ್ಚಿದರೆ ಇನ್ನೂ ಕಡಿಮೆ.

ಕೊಳ್ಳುವಾಗ ಜಿಂಕ್ ಆಕ್ಸೈಡ್ ಇರುವುದನ್ನು ಕೇಳಿ. ಆಕ್ಸಿಬೆಂಜೋನ್‌ಗೆ ಬೆಂಜೋಫಿನೋನ್-3 ಎಂಬ ಇನ್ನೊಂದು ಹೆಸರಿದೆ. ಆಕ್ಟಿನಾಕ್ಸೇಟ್‌ಗೆ ಎಥೈಲ್‌ಹೆಕ್ಸೈಲ್ ಮಿಥಾಕ್ಸಿಸಿನಮೇಟ್ ಎಂಬ ಉದ್ದ ಹೆಸರಿದೆ. ಇವು ಇದ್ದರೆ ಬಿಡಿ. ಟ್ಯೂಬಿನ ಮುಂದೆ ಹಸಿರು ಎಲೆಯ ಚಿತ್ರ, "ಹವಳಕ್ಕೆ ಸುರಕ್ಷಿತ", "ಪ್ರಕೃತಿಸಹಜ" ಎಂದೆಲ್ಲ ಬರೆದಿದ್ದರೆ ಅದನ್ನೇ ನಂಬಬೇಡಿ, ಹಿಂದಿನ ಸಣ್ಣ ಅಕ್ಷರ ಓದಿಸಿ. ದೋಣಿ ಹತ್ತುವುದಕ್ಕೆ 20 ನಿಮಿಷ ಮೊದಲೇ ಹಚ್ಚಿ, ಮೈಗೆ ಹಿಡಿದುಕೊಳ್ಳಲಿ. ಹಚ್ಚಿದ ಕೂಡಲೇ ನೀರಿನಲ್ಲಿ ಕೈ ಅದ್ದಿದರೆ ಅರ್ಧ ಹೊಳೆಗೇ ಹೋಯಿತು. ಸಿಂಪಡಿಸುವ ಡಬ್ಬಿ ಬೇಡ, ದೋಣಿಯ ಗಾಳಿಗೆ ಅದು ಮೈಗಿಂತ ಹೆಚ್ಚು ನೀರಿಗೂ ಪಕ್ಕದವರ ಮೂಗಿಗೂ ಹೋಗುತ್ತದೆ. ಚೂರು ಚೂರು ಪಾಕೀಟು ಕೊಳ್ಳಬೇಡಿ, ಖಾಲಿ ಪಾಕೀಟು ಕೊನೆಗೆ ನೀರಿನಲ್ಲೇ ತೇಲುತ್ತದೆ.

ಬೈಬಲಿನಲ್ಲಿ ಯೋನ ಎಂಬ ಪ್ರವಾದಿಯ ಕಥೆ ಇದೆ. ದೋಣಿಯ ಕಷ್ಟವೆಲ್ಲ ದಾಟಿ ಬಂದ ಆತ ಊರ ಹೊರಗೆ ಬಿಸಿಲಿನಲ್ಲಿ ಕುಳಿತಾಗ ದೇವರು ಅವನ ತಲೆಗೆ ನೆರಳಾಗಲು ಒಂದು ಗಿಡ ಬೆಳೆಸಿದರು. ಮರುದಿನ ಗಿಡ ಒಣಗಿದಾಗ ಆತ ಸಾಯುವಷ್ಟು ಸಿಟ್ಟು ಮಾಡಿಕೊಂಡ. ಪ್ರವಾಸದ ಮಧ್ಯಾಹ್ನ ಬಸ್ಸಿನಲ್ಲಿ ನಡೆಯುವ ಜಗಳ ನೋಡಿದಾಗಲೆಲ್ಲ ನನಗೆ ಯೋನ ನೆನಪಾಗುತ್ತಾನೆ.

ಮುಂದಿನ ಸಭೆಗೆ ತಯಾರಿ

ಸಂಘದ ಸಭೆಯಲ್ಲಿ ಈ ಮೂರು ವಿಷಯ ಮಾತಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ದೋಣಿ ಎಷ್ಟು ಹೊತ್ತಿಗೆ, ಶೌಚಾಲಯ ಎಲ್ಲಿದೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಫೋನಿನಲ್ಲಿ ಕೇಳುವವರು ಯಾರು? ಬಿಸಿಲಿಗೆ ಗಂದೆ ಏಳುವವರು, ಬಿಪಿ, ಸಕ್ಕರೆ ಕಾಯಿಲೆಯವರು ಯಾರು ಇದ್ದಾರೆ, ಅವರ ಪಕ್ಕ ಯಾರು ಕೂಡುತ್ತಾರೆ? ಕೌದಿ ಟೊಪ್ಪಿಗೆ ನಮಗಾಗಿ ಮಾತ್ರವೋ, ಮುಂದೆ ಕ್ರಾಸಿಂಗ್ ಕೆಲಸದವರಿಗೂ ಹೊಲಿದು ಮಾರಬಹುದೋ? ಒಂದು ಟೊಪ್ಪಿಗೆಗೆ ಎಷ್ಟು ತಾಸು ಹಿಡಿಯುತ್ತದೆ ಎಂದು ಮೊದಲನೆಯದನ್ನು ಹೊಲಿಯುವಾಗಲೇ ಬರೆದಿಡಿ. ಕೂಲಿ ಹಿಡಿಯದೆ ದರ ಹೇಳಬೇಡಿ.

ಬರುವಾಗ ಪ್ರತಿಯೊಬ್ಬರೂ ಒಂದು ಹಳೆ ಹತ್ತಿ ಸೀರೆ, ಸೂಜಿ, ದಾರ ತನ್ನಿ. ಬೆಳಕಿಗೆ ಹಿಡಿದು ನೋಡಿ, ದಟ್ಟ ಇರುವುದನ್ನೇ ಆರಿಸಿ. ಕತ್ತರಿ ಮತ್ತು ಸೀಮೆಸುಣ್ಣ ನಾನು ತರುತ್ತೇನೆ.